ಹೆಸರು ಸಿಗದ ಬಿಕ್ಕಳಿಕೆ

ನಮ್ಮೂರಿಗೆ ಹೊಸದಾಗಿ ಬಂದವರು ಮನೆಯಲ್ಲಿ ಹಾಲುಕ್ಕಿಸುವ ಮೊದಲು ಬೀದಿಯ ಎರಡೂ ಬದಿಗೆ ಹೋಗಿ ಹೆಸರು ಕೊಟ್ಟು ಬರಬೇಕು. ಒಂದೊಂದು ಬಾಗಿಲಲ್ಲೂ ನಿಂತು, ನಾನು ಇಂಥವನು, ನನ್ನ ಹೆಂಡತಿ ಇಂಥವಳು, ಮುಂದೆ ನಿಮ್ಮನ್ನು ನೆನೆಸಿಕೊಳ್ಳುವ ಸಂದರ್ಭ ಬರಬಹುದು ಎಂದು ಹೇಳಬೇಕು. ಒಳಗಿನವರು ಆ ಹೆಸರುಗಳನ್ನು ಬಾಗಿಲ ಹಿಂದಿನ ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ಯಾರಾದರೂ ನೆನೆದರೆ ಬಿಕ್ಕಳಿಕೆ ಬರುತ್ತದೆ, ನೆನೆದವರ ಹೆಸರು ಹೇಳಿದರೆ ನಿಲ್ಲುತ್ತದೆ. ಹೇಳದಿದ್ದರೆ ಅವರು ನೆನೆಯುವಷ್ಟು ಹೊತ್ತೂ ನಿಲ್ಲುವುದಿಲ್ಲ. ಬೇರೆ ಊರುಗಳಲ್ಲೂ ಜನ ಹೀಗೆ ಹೇಳುತ್ತಾರಂತೆ, ಆದರೆ ಅಲ್ಲಿ ಅದು ಮಾತಿಗೆ ಮಾತ್ರವಂತೆ, ಒಂದು ಲೋಟ ನೀರು ಕುಡಿದರೆ ಹೋಗುತ್ತದಂತೆ. ನಮ್ಮೂರಲ್ಲಿ ನೀರಿನಿಂದ ಏನೂ ಆಗುವುದಿಲ್ಲ.

ಬರೀ ಹೆಸರನ್ನೇ ಹೇಳಬೇಕು. ಅಮ್ಮ, ಮಾವ, ಸಾರ್ ಎಂದು ಸೇರಿಸಿದರೆ ಬಿಕ್ಕಳಿಕೆ ನಿಲ್ಲುವುದಿಲ್ಲ. ಹಾಗಾಗಿ ನಾನು ನನ್ನ ತಾಯಿಯನ್ನು ದಿನಕ್ಕೆ ಹತ್ತು ಸಲವಾದರೂ ಪುಟ್ಟಗೌರಿ ಎನ್ನುತ್ತೇನೆ. ಸೊಸೆಯರು ಊಟಕ್ಕೆ ಕೂತಲ್ಲೇ ಮಾವನ ಹೆಸರು ಹೇಳುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ. ಕಟಿಂಗ್ ಶಾಪಿನವನು ಕತ್ತಿಯನ್ನು ಗಲ್ಲದಿಂದ ಎರಡಿಂಚು ದೂರ ಹಿಡಿದು ಗಿರಾಕಿಗೆ ಹೆಸರು ಸಿಗುವವರೆಗೂ ಕಾಯುತ್ತಾನೆ. ಮಕ್ಕಳು ಮಗ್ಗಿಗಿಂತ ಮೊದಲು ತಮ್ಮನ್ನು ನೆನೆಯಬಹುದಾದ ಹನ್ನೆರಡು ಮಂದಿಯ ಹೆಸರನ್ನು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆಗೆ ಹೊರಟವರು ಹೊಸ್ತಿಲು ದಾಟುವಾಗ ಮನೆಯವರಿಗೆ ಒಂದು ಮಾತು ಹೇಳುವುದು ರೂಢಿ: 'ಪರೀಕ್ಷೆ ಇದೆ, ನೆನೆಸ್ಕೋಬೇಡಿ.' ಮನೆಯವರು ಮೂರು ಗಂಟೆ ಕಾಲ ಅಕ್ಕಿ ಆರಿಸುತ್ತಲೋ ಹಳೆಯ ಪೇಪರ್ ಓದುತ್ತಲೋ ಮನಸ್ಸನ್ನು ಬೇರೆ ಕಡೆ ಇಟ್ಟುಕೊಳ್ಳುತ್ತಾರೆ. ಪ್ರೀತಿ ಇದ್ದವರಿಗೇ ಅದು ಕಷ್ಟ.

ನಾನು ಬಸ್ ನಿಲ್ದಾಣದಲ್ಲಿ ಪ್ರಕಟಣೆ ಹೇಳುವವಳು, ದಾಕ್ಷಾಯಣಿ. ಹಗಲು ಅಂಗಿ ಗುಂಡಿಯ ಕಾರ್ಖಾನೆಯಲ್ಲಿ ದುಡಿದು, ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದರಿಂದ ಸಿಕ್ಕಿದ ಕೆಲಸ. ಒಂದು ಬಸ್ಸಿನ ಪ್ಲಾಟ್‌ಫಾರಂ ನಂಬರ್ ತಪ್ಪು ಹೇಳಿದರೆ ಆ ದಿನ ನನಗೆ ಊಟ ಸೇರುವುದಿಲ್ಲ. ಯಾರು ಬಸ್ ತಪ್ಪಿಸಿಕೊಂಡರೋ, ಎಲ್ಲಿ ಯಾರು ಅವರಿಗೆ ಕಾದರೋ ಎಂದು ಯೋಚಿಸುತ್ತೇನೆ. ಕಂಟ್ರೋಲರ್ ರಾಚಪ್ಪನವರು, 'ನೀನು ಹಿಂಗೇ ಯೋಚ್ನೆ ಮಾಡ್ತಿದ್ರೆ ಪ್ರಯಾಣಿಕರಿಗೆಲ್ಲಾ ಬಿಕ್ಕು ಬಂದು ಬಸ್ಸೇ ಹೊರಡಲ್ಲ ಕಣಮ್ಮ' ಎನ್ನುತ್ತಾರೆ. ಈಗ ಬರೆಯುತ್ತಿರುವುದನ್ನು ಬರೆಯಬಹುದೋ ಬಾರದೋ ಎಂದೂ ನನಗೆ ಸರಿಯಾಗಿ ಗೊತ್ತಿಲ್ಲ. ಆಸ್ಪತ್ರೆಯೊಂದಕ್ಕೆ ನಾನು ಬರೆದುಕೊಟ್ಟ ಕಾಗದವೊಂದಿದೆ. ಅದಕ್ಕಾಗಿ ಊರಿನ ಹೆಸರು ಬಿಟ್ಟಿದ್ದೇನೆ.

ಎಂಟು ವರ್ಷದ ಹಿಂದೆ ನಾನು ಅಂಡಾಣು ಕೊಟ್ಟೆ. ಮಕ್ಕಳಾಗದ ಯಾರಿಗೋ. ಯಾಕೆ ಕೊಟ್ಟೆ ಎಂದು ಕೇಳಿಕೊಂಡಾಗಲೆಲ್ಲ ಬೇರೆ ಬೇರೆ ಉತ್ತರ ಬರುತ್ತದೆ. ಅವರು ಕೊಟ್ಟದ್ದರಲ್ಲಿ ಸಂಜೆ ಕಾಲೇಜಿನ ಫೀಸು ಕಟ್ಟಿದೆ, ಅದು ನಿಜ. ಆಸ್ಪತ್ರೆಯ ನರ್ಸು ನನ್ನ ರಿಪೋರ್ಟನ್ನು ಬೆಳಕಿಗೆ ಹಿಡಿದು, 'ಎಷ್ಟು ಚೆನ್ನಾಗಿದೆ ನಿಂದು!' ಎಂದಳು, ನನ್ನದೇನನ್ನೂ ಅಷ್ಟು ಬಾಯ್ತುಂಬ ಅದುವರೆಗೆ ಯಾರೂ ಹೊಗಳಿರಲಿಲ್ಲ. ಅದೂ ಕಾರಣವಿರಬಹುದು. ಯಾರಿಗೋ ಒಳ್ಳೆಯದಾಗಲಿ ಎಂದು ಕೊಟ್ಟೆ ಎಂದೂ ಹೇಳಬಹುದು, ಆದರೆ ಹಾಗೆ ಹೇಳುವಾಗ ನಾಲಿಗೆ ಸ್ವಲ್ಪ ತಡೆಯುತ್ತದೆ.

ಹತ್ತು ದಿನ ಸಂಜೆ ಕ್ಲಾಸಿಗೆ ಮುಂಚೆ ಹೊಟ್ಟೆಗೆ ಇಂಜೆಕ್ಷನ್. ಕೊನೆಕೊನೆಗೆ ಬೆಂಚಿನ ಮೇಲೆ ಕೂತರೆ ಹೊಟ್ಟೆಯೊಳಗೆ ಕಲ್ಲಂಗಡಿ ಇದ್ದ ಹಾಗೆ. ಪಕ್ಕದಲ್ಲಿ ಕೂರುತ್ತಿದ್ದ ಜಬೀನಾಗೆ ಮಾತ್ರ ವಿಷಯ ಗೊತ್ತಿತ್ತು. ಅವಳು ಡೆಸ್ಕಿನ ಕೆಳಗೆ ನನ್ನ ಕೈ ಹಿಡಿದುಕೊಂಡು ನೋಟ್ಸ್ ಬರೆಯುತ್ತಿದ್ದಳು. ಅಂಡಾಣು ತೆಗೆಯುವ ಹಿಂದಿನ ದಿನ ನರ್ಸು ಕರೆದು, 'ನಾಳೆ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ನಿನ್ನನ್ನ ಯಾರೂ ನೆನೆಸ್ಕೋಬಾರ್ದು ನೋಡು. ಸೂಜಿ ಒಳಗಿರುವಾಗ ಬಿಕ್ಕು ಬಂದ್ರೆ ಕಷ್ಟ' ಎಂದಳು. ನಾನು ಅಮ್ಮನಿಗೆ ಸುಳ್ಳು ಹೇಳಿದೆ. 'ಪರೀಕ್ಷೆ ಇದೆ ಕಣಮ್ಮ, ನೆನೆಸ್ಕೋಬೇಡ.'

'ಹೋಗ್ಬಾ. ಹುರುಳಿ ಆರಿಸ್ತಾ ಕೂತಿರ್ತೀನಿ' ಎಂದಳು ಅಮ್ಮ.

ನನ್ನನ್ನು ಮಲಗಿಸಿ ಕಣ್ಣಿಗೆ ಮಂಪರು ಬರುವವರೆಗೂ ಒಂದು ಬಿಕ್ಕಳಿಕೆಯೂ ಬರಲಿಲ್ಲ. ಅಮ್ಮ ಮಾತು ಉಳಿಸಿಕೊಂಡಿದ್ದಳು, ಜಬೀನಾ ಉಳಿಸಿಕೊಂಡಿದ್ದಳು. ಆ ಹೊತ್ತಿನಲ್ಲಿ ಈ ಲೋಕದಲ್ಲಿ ಒಬ್ಬರೂ ನನ್ನನ್ನು ನೆನೆಯುತ್ತಿರಲಿಲ್ಲ, ಮತ್ತು ಅದನ್ನು ನಾನೇ ಕೇಳಿಕೊಂಡಿದ್ದೆ. ಎಚ್ಚರವಾದಾಗ ನರ್ಸು, 'ಹನ್ನೊಂದು ಸಿಕ್ತು' ಎಂದಳು. ಹನ್ನೊಂದು ಎಂದರೆ ಜಾಸ್ತಿಯೋ ಕಡಿಮೆಯೋ ಕೇಳಲು ನಾಚಿಕೆಯಾಯಿತು. ಮನೆಗೆ ಬಂದಾಗ ಅಮ್ಮ, 'ಹೆಂಗ್ ಬರ್ದೆ?' ಎಂದಳು. ಚೆನ್ನಾಗಿ ಬರೆದೆ ಎಂದೆ. 'ರಿಸಲ್ಟ್ ಯಾವಾಗ?' ಎಂದಳು. ತಡವಾಗುತ್ತಂತೆ ಎಂದೆ. ಆಮೇಲೆ ತಿಂಗಳುಗಟ್ಟಲೆ, ಆ ಪರೀಕ್ಷೆ ರಿಸಲ್ಟ್ ಏನಾಯ್ತೇ ಎಂದು ಆಗಾಗ ಕೇಳುತ್ತಿದ್ದಳು. ನನಗೂ ಗೊತ್ತಿರಲಿಲ್ಲ. ಹನ್ನೊಂದರಲ್ಲಿ ಒಂದಾದರೂ ಮಗುವಾಯಿತೋ ಇಲ್ಲವೋ ಎಂದು ಆಸ್ಪತ್ರೆಯವರು ಹೇಳುವುದಿಲ್ಲ.

ಕಾಗದದಲ್ಲಿ ಎರಡು ಮಾತಿದ್ದವು. ಪಡೆದವರ ಮನೆಯವರ ಹೆಸರನ್ನು ನಾನು ಹುಡುಕಬಾರದು, ನನ್ನ ಹೆಸರನ್ನು ಅವರಿಗೆ ಕೊಡಬಾರದು. ಸಲಹೆ ಕೊಡುವ ಹೆಂಗಸು, 'ಭಯಪಡ್ಬೇಡಿ. ಹೆಸರು ಗೊತ್ತಿಲ್ದೋರನ್ನ ನೆನೆದ್ರೆ ಯಾರಿಗೂ ಬಿಕ್ಕು ಬರಲ್ಲ. ಅವರಿಗೆ ನೀವು ಬರೀ ನಂಬರ್, ನಿಮಗೆ ಅವರೂ ಅಷ್ಟೆ' ಎಂದಳು. ನಾನು ನಂಬಿದೆ. ಏಳು ವರ್ಷ ಅದು ನಿಜವೂ ಆಗಿತ್ತು. ನನಗೂ ಆ ಹನ್ನೊಂದು ಬರೀ ಚುಕ್ಕೆಗಳು. ಸ್ನಾನ ಮಾಡುವಾಗ, ಅನ್ನಕ್ಕೆ ಅಕ್ಕಿ ಹಾಕುವಾಗ ಕಣ್ಣ ಮುಂದೆ ಬರುತ್ತಿದ್ದವು, ಹೋಗುತ್ತಿದ್ದವು. ಅವುಗಳಿಗೆ ಮುಖ ಇರಲಿಲ್ಲ.

ಕಳೆದ ಜೂನ್ ತಿಂಗಳಲ್ಲಿ ಶಾಲೆ ಶುರುವಾದ ದಿನ ನಿಲ್ದಾಣದ ತುಂಬ ಹೊಸ ಯೂನಿಫಾರ್ಮಿನ ಮಕ್ಕಳು. ಗಾಜಿನ ಆಚೆ ನೋಡುತ್ತಾ ಕೂತವಳಿಗೆ, ಹುಟ್ಟಿದ್ದರೆ ಈಗ ಏಳು ವರ್ಷ, ಎರಡನೇ ಕ್ಲಾಸು ಎಂದು ಲೆಕ್ಕ ಬಂತು. ಲೆಕ್ಕದ ಹಿಂದೆಯೇ ಒಬ್ಬ ಹುಡುಗಿ ಬಂದಳು, ಬ್ಯಾಗಿನ ಪಟ್ಟಿಯೊಳಗೆ ಎರಡೂ ಹೆಬ್ಬೆರಳು ಸಿಕ್ಕಿಸಿಕೊಂಡು ನಿಂತ ಹುಡುಗಿ. ನಾನೂ ಹಾಗೇ ನಿಲ್ಲುತ್ತಿದ್ದೆ. ಎರಡು ನಿಮಿಷವಾಗಿರಬೇಕು. 'ಉಪ್ಪಿನಕೆರೆ ಕಡೆಗೆ ಹೋಗುವ ವಾಹನ' ಎಂದು ಹೇಳುತ್ತಿದ್ದಾಗ ಬಿಕ್ಕಳಿಕೆ ಬಂತು. ಮೈಕ್ ಆಫ್ ಮಾಡಿ, ಪುಟ್ಟಗೌರಿ ಎಂದೆ. ನಿಲ್ಲಲಿಲ್ಲ. ಜಬೀನಾ ಎಂದೆ, ರಾಚಪ್ಪ ಎಂದೆ, ಕಾರ್ಖಾನೆಯ ಹಳೆಯ ಮೇಸ್ತ್ರಿಯ ಹೆಸರು ಹೇಳಿದೆ, ಮದುವೆಗೆ ನನ್ನನ್ನು ನೋಡಿ ಬೇಡವೆಂದ ಇಬ್ಬರ ಹೆಸರನ್ನೂ ಹೇಳಿದೆ. ನಿಲ್ಲಲಿಲ್ಲ. ಕಾಲು ಗಂಟೆಯ ಮೇಲೆ ತಾನಾಗಿಯೇ ನಿಂತಿತು.

ಮಾರನೆಯ ದಿನ ಮತ್ತೆ ಬಂತು. ಆಮೇಲೆ ದಿನಾ. ಒಮ್ಮೊಮ್ಮೆ ಎರಡು ಸಲ, ಮೂರು ಸಲ. ನಮ್ಮೂರಲ್ಲಿ ಹೆಸರು ಸಿಗದ ಬಿಕ್ಕಳಿಕೆ ಎಂದರೆ ಮುಚ್ಚಿಟ್ಟ ಸಂಬಂಧ ಎಂದೇ ಅರ್ಥ. ನನ್ನದಂತೂ ಕಂಬಕ್ಕೆ ಕಟ್ಟಿದ ಆರು ಲೌಡ್‌ಸ್ಪೀಕರುಗಳಲ್ಲಿ ಕೇಳುತ್ತಿತ್ತು. ಟೀ ಅಂಗಡಿಯವರು, 'ದಾಕ್ಷಾಯಣಮ್ಮ, ಯಾವ ಪ್ಲಾಟ್‌ಫಾರಂನಲ್ಲಿ ನಿಂತಿದ್ದಾನೆ ಹೇಳಿ, ಟೀ ಕಳಿಸ್ತೀವಿ' ಎಂದು ನಗುತ್ತಿದ್ದರು. ಅಮ್ಮ ನಗಲಿಲ್ಲ. 'ಯಾರೇ ಅದು? ಹೇಳ್ಬಿಡು. ಯಾವ ಜಾತಿಯೋನಾದ್ರೂ ಪರವಾಗಿಲ್ಲ' ಎಂದಳು. ನಾನು ಅತ್ತೆ. ಅವಳು ಇನ್ನೇನೋ ತಿಳಿದುಕೊಂಡಳು.

ನನಗೆ ಮಾತ್ರ ಯಾರೆಂದು ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆ. ಮಗು ಹುಟ್ಟಿದೆ. ಅದಕ್ಕೆ ಯಾರೋ ಹೇಳಿದ್ದಾರೆ. ಅದು ನನ್ನನ್ನು ನೆನೆಯುತ್ತಿದೆ. ಒಂದೊಂದು ಬಿಕ್ಕಳಿಕೆಗೂ ಮೊದಲು ಹಿಗ್ಗು, ಹಿಂದೆಯೇ ಹೆದರಿಕೆ. ಏನೋ ಬೇಕಾಗಿ ನೆನೆಯುತ್ತಿರಬಹುದೆ, ಹುಷಾರಿಲ್ಲವೇ, ಹೊಡೆಯುತ್ತಾರೆಯೇ, ಯಾಕೆ ಕೊಟ್ಟುಬಿಟ್ಟೆ ಎಂದು ಕೇಳುತ್ತಿದೆಯೇ? ಕೊಟ್ಟುಬಿಟ್ಟೆ ಎನ್ನುವಂಥದ್ದು ಏನಿತ್ತು ನನ್ನಲ್ಲಿ ಎಂದು ನಾನೇ ವಾದ ಹೂಡುತ್ತಿದ್ದೆ. ತಿಂಗಳಿಗೊಂದು ಹಾಗೇ ಹೋಗುತ್ತಿತ್ತಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣದ್ದು. ಈ ವಾದದಲ್ಲಿ ನಾನೇ ಗೆಲ್ಲುತ್ತಿದ್ದೆ, ಆದರೂ ಗಾಜಿನ ಆಚೆ ಯೂನಿಫಾರ್ಮ್ ಕಂಡರೆ ಎದ್ದು ನಿಲ್ಲುತ್ತಿದ್ದೆ.

ಜಬೀನಾ ಈಗ ದೊಡ್ಡ ಪ್ರಾಥಮಿಕ ಶಾಲೆಯ ಕಚೇರಿಯಲ್ಲಿ ಗುಮಾಸ್ತೆ. ಆಗಸ್ಟಿನಲ್ಲಿ ಅವಳ ಹತ್ತಿರ ಹೋಗಿ, ಎರಡನೇ ತರಗತಿ ಹುಡುಗಿಯರ ಹೆಸರಿನ ಪಟ್ಟಿ ಬೇಕು ಎಂದೆ. ಅವಳು ಕನ್ನಡಕ ತೆಗೆದು ನನ್ನನ್ನೇ ನೋಡಿದಳು.

'ಕೋಳಿ ಮೊಟ್ಟೆ ಇಟ್ಟ ತಕ್ಷಣ ಕೂಗುತ್ತೆ. ನೀನೇನೇ, ಎಂಟು ವರ್ಷ ಆದ್ಮೇಲೆ ಕೂಗ್ತಿದ್ದೀಯ?'

'ತಮಾಷೆ ಮಾಡ್ಬೇಡ ಕಣೇ.'

'ತಮಾಷೆ ಅಲ್ಲ. ಹುಡುಕಲ್ಲ ಅಂತ ಬರ್ಕೊಟ್ಟಿದ್ದೀಯ. ನನ್ ಎದುರಿಗೇ ಸೈನ್ ಮಾಡ್ದೆ.'

'ಹುಡುಕಲ್ಲ. ಬರೀ ಹೆಸರು ಹೇಳಿ ನೋಡ್ತೀನಿ. ಒಂದು ಹೆಸರಿಗೆ ನಿಂತುಬಿಟ್ರೆ ಅಲ್ಲಿಗೆ ಬಿಟ್ಬಿಡ್ತೀನಿ.'

'ಬಿಡ್ತೀಯಾ?' ಎಂದಳು. ನಾನು ಕೈ ಚಾಚಿದೆ. ಅವಳು ಪಟ್ಟಿ ಕೊಟ್ಟಳು. ಕೊಡಬಾರದಿತ್ತು, ನಾನು ಕೇಳಬಾರದಿತ್ತು. ಹುಡುಗಿಯೇ ಎಂದು, ಆ ಶಾಲೆಯೇ ಎಂದು ನನಗೆ ಯಾರು ಹೇಳಿದ್ದರು? ಆದರೂ ಅರವತ್ತೊಂದು ಹೆಸರಿದ್ದ ಆ ಎರಡು ಹಾಳೆಯನ್ನು ಮೇಜಿನ ಡ್ರಾಯರಿನಲ್ಲಿಟ್ಟು, ಬಿಕ್ಕಳಿಕೆ ಬಂದಾಗಲೆಲ್ಲ ಮೈಕ್ ಮುಚ್ಚಿ ಒಂದೊಂದೇ ಹೇಳುತ್ತಿದ್ದೆ. ಒಂದೊಂದು ಹೆಸರು ಹೇಳುವಾಗಲೂ ಒಂದೊಂದು ಮುಖ ಕಲ್ಪಿಸಿಕೊಳ್ಳುತ್ತಿದ್ದೆ, ಈ ಹೆಸರಾದರೆ ದುಂಡು ಮುಖ, ಈ ಹೆಸರಾದರೆ ಮುಂಗೋಪ ಎಂದು. ಯಾವುದಕ್ಕೂ ನಿಲ್ಲಲಿಲ್ಲ. ಬದಲಾಗಿ ಹೆಚ್ಚಾಯಿತು. ಅಕ್ಟೋಬರಿನಲ್ಲಿ ದಿನಕ್ಕೆ ಎಂಟು ಸಲ. ಪಟ್ಟಿ ಮುಗಿದರೆ ಮತ್ತೆ ಮೇಲಿನಿಂದ ಶುರುಮಾಡುತ್ತಿದ್ದೆ. ಅರವತ್ತೊಂದೂ ಬಾಯಿಪಾಠವಾದವು.

ನವೆಂಬರಿನ ಒಂದು ಮಧ್ಯಾಹ್ನ, ನಾಲ್ಕು ಗಂಟೆಯ ಸುಮಾರು. ನಾನು ಪಟ್ಟಿ ಹಿಡಿದುಕೊಂಡು ಕೂತಿದ್ದೆ. ಎರೆಹಳ್ಳಿ ಬಸ್ಸಿನ ಪ್ರಕಟಣೆಗೆ ಮೈಕ್ ಹಾಕಿದೆ, ಬಿಕ್ಕಳಿಕೆ ಬಂತು. ಕ್ಷಮಿಸಿ ಎಂದು ಮುಂದುವರಿಸಿದೆ. ನಿಂತಿತು. ಮತ್ತೆ ಬಂತು. ಮತ್ತೆ ನಿಂತಿತು. ಯಾರೋ ಸ್ವಿಚ್ ಒತ್ತಿ ಒತ್ತಿ ನೋಡುತ್ತಿರುವ ಹಾಗೆ. ಅಷ್ಟರಲ್ಲಿ ನನ್ನ ಕೋಣೆಯ ವಿಚಾರಣೆಯ ಕಿಂಡಿಯಲ್ಲಿ ಒಬ್ಬ ಹೆಂಗಸು ಬಗ್ಗಿದಳು. ನಲವತ್ತರ ಆಸುಪಾಸು, ಹೆಗಲಲ್ಲಿ ಮಗುವಿನ ನೀರಿನ ಬಾಟಲಿ.

'ಯಾವ ಊರಿಗೆ?' ಎಂದೆ.

'ಊರಿಗಲ್ಲ. ಈಗ ಮೈಕಲ್ಲಿ ಬಿಕ್ಕಿದ್ದು ನೀವೇನಾ?'

'ಹೌದು, ತಪ್ಪಾಯ್ತು. ಆಫ್ ಮಾಡೋಷ್ಟರಲ್ಲಿ...'

'ಇರಿ. ಈಗ ಬರುತ್ತೆ ನೋಡಿ' ಎಂದು ಕಣ್ಣು ಮುಚ್ಚಿದಳು. ನನಗೆ ಬಿಕ್ಕಳಿಕೆ ಬಂತು. 'ಈಗ ನಿಲ್ಲುತ್ತೆ' ಎಂದು ತುಟಿ ಅಲುಗಿಸಿದಳು. ಹದಿನೇಳೊಂದ್ಲ ಹದಿನೇಳು, ಹದಿನೇಳೆರಡ್ಲ ಮೂವತ್ತನಾಲ್ಕು. ನಿಂತಿತು.

'ನನ್ನ ಹೆಸರು ವನಮಾಲ' ಎಂದಳು. ನಮ್ಮೂರಲ್ಲಿ ಹೆಸರು ಕೊಡುವಾಗ ಹೇಗೆ ನೇರ ನಿಲ್ಲುತ್ತಾರೋ ಹಾಗೇ ನಿಂತು ಹೇಳಿದಳು. 'ಐದು ತಿಂಗಳಿಂದ ಹೆಸರು ಕೊಡ್ದೇ ನೆನೀತಿದ್ದೀನಿ. ತಪ್ಪು ನಂದೇ.'

ನನಗೆ ಮೊದಲು ಬಂದದ್ದು ನಿರಾಶೆ. ಅದನ್ನು ಮುಚ್ಚಿಡುವುದಿಲ್ಲ. ಮಗು ಅಲ್ಲ, ಇವಳು. ಐದು ತಿಂಗಳು ಮಗು ಎಂದುಕೊಂಡದ್ದೆಲ್ಲ ಇವಳು. ಆಮೇಲೆ ಅವಳ ಹೆಗಲಿನ ಆಚೆ ನೋಡಿದೆ. ನಾಲ್ಕನೇ ಪ್ಲಾಟ್‌ಫಾರಂನ ಬೆಂಚಿನ ಮೇಲೆ ಒಬ್ಬಳು ಹುಡುಗಿ ನಮಗೆ ಬೆನ್ನು ಮಾಡಿ ಕೂತಿದ್ದಳು. ಎರಡು ಜಡೆ. ಸ್ವಲ್ಪ ಸ್ವಲ್ಪ ಹೊತ್ತಿಗೆ ಅವಳ ಭುಜ ಮೇಲೆ ಹಾರಿ ಕೆಳಗೆ ಬೀಳುತ್ತಿತ್ತು.

'ಅವಳಿಗೆ ಮೊದ್ಲು ಬರುತ್ತೆ' ಎಂದಳು ವನಮಾಲ. 'ಹನ್ನೆರಡು ಹೆಸರು ಹೇಳಿಸ್ತೀನಿ. ನಲವತ್ತು ಹೇಳಿಸ್ತೀನಿ. ನಿಲ್ಲಲ್ಲ. ಆಗ ನಾನು ಇನ್ಯಾರನ್ನ ನೆನೀಲಿ, ಹೇಳಿ? ಏಳು ವರ್ಷ ನಿಮ್ಮನ್ನ ನೆನೀದೇ ಇದ್ದೆ. ಆಸ್ಪತ್ರೇಲಿ ಹೇಳ್ಕೊಟ್ಟಿದ್ರು, ಆ ಹೆಂಗ್ಸಿನ ಯೋಚ್ನೆ ಬಂದ ತಕ್ಷಣ ಮಗ್ಗಿ ಹೇಳಿ, ಇಲ್ದಿದ್ರೆ ಅವರಿಗೆ ತೊಂದ್ರೆ ಅಂತ. ಇಪ್ಪತ್ತೊಂಬತ್ತರ ಮಗ್ಗಿವರೆಗೂ ಬರುತ್ತೆ ನಂಗೆ.'

ನನಗೆ ಒಂದು ಹೇಳಿದ್ದರು, ಅವಳಿಗೆ ಇನ್ನೊಂದು. 'ಅವಳಿಗೆ ಯಾವಾಗಿಂದ?' ಎಂದು ಕೇಳಿದೆ. ಕೇಳುವ ಮೊದಲೇ ಉತ್ತರ ಗೊತ್ತಿತ್ತು.

'ಜೂನಲ್ಲಿ. ಸ್ಕೂಲ್ ಶುರುವಾದ ದಿನ. ಇದೇ ಬಸ್ ಸ್ಟ್ಯಾಂಡಲ್ಲಿ ನಿಂತಿದ್ವಿ.'

ಕೈಯಲ್ಲಿದ್ದ ಪಟ್ಟಿಯನ್ನು ಮಡಚಿ ತೊಡೆಯ ಕೆಳಗೆ ಸೇರಿಸಿದೆ. ಮಗು ನನ್ನನ್ನು ನೆನೆಯುತ್ತಿದೆ ಎಂದು ನಾನು ಹಿಗ್ಗುತ್ತಿದ್ದ, 'ಹುಷಾರಿಲ್ಲವೇ' ಎಂದು ಕೊರಗುತ್ತಿದ್ದ ಒಂದೊಂದು ಗಳಿಗೆಯಲ್ಲೂ ನೆನೆಯುತ್ತಿದ್ದವಳು ನಾನು. ನಾನು ನೆನೆದೆ, ಮಗು ಬಿಕ್ಕಿತು, ತಾಯಿ ಹೆದರಿ ನನ್ನನ್ನು ನೆನೆದಳು, ನನಗೆ ಬಿಕ್ಕು ಬಂತು, ನಾನು ಇನ್ನಷ್ಟು ನೆನೆದೆ. ಅರವತ್ತೊಂದು ಹೆಸರು ಹೇಳಿ ಹೇಳಿ ದಿನಕ್ಕೆ ಎಂಟು ಸಲ ಮಾಡಿದ್ದೆ.

'ಸ್ಕೂಲಲ್ಲಿ ಅವಳನ್ನ ಪ್ರಾರ್ಥನೆಗೆ ನಿಲ್ಲಿಸಲ್ಲ' ಎಂದು ವನಮಾಲ ಹೇಳುತ್ತಲೇ ಇದ್ದಳು. 'ಓದೋಕೆ ಎದ್ರೆ ಬಿಕ್ಕು, ಮಕ್ಕಳೆಲ್ಲಾ ನಗ್ತಾರೆ. ತುತ್ತು ನೆತ್ತಿಗೆ ಹತ್ತುತ್ತೆ. ನಮ್ಮತ್ತೆ, ನಿನ್ ಮಗಳಿಗೆ ನಮಗ್ಗೊತ್ತಿಲ್ದಿರೋ ಬಳಗ ಯಾವ್ದೇ ಅಂತಾರೆ. ಅವರಿಗೆ ಇದು ಗೊತ್ತಿಲ್ಲ. ಗೊತ್ತಾದ್ರೆ ನನ್ ಮಗಳು ಆ ಮನೇಲಿ ಹೊರಗಿನೋಳು ಆಗ್ಬಿಡ್ತಾಳೆ. ಕೈ ಮುಗೀತೀನಿ, ನೆನೆಸ್ಕೋಬೇಡಿ.'

'ಇಲ್ಲ, ಇನ್ಮೇಲೆ ನೆನೆಸ್ಕೊಳ್ಳಲ್ಲ' ಎಂದೆ. ಮನಸಾರೆ ಹೇಳಿದೆ. ಹೇಳುವಾಗಲೇ ಬೆಂಚಿನ ಮೇಲಿನ ಭುಜ ಹಾರಿತು. ಇಬ್ಬರೂ ನೋಡಿದೆವು. ಅವಳು ನಕ್ಕಳೋ ಅತ್ತಳೋ ತಿಳಿಯಲಿಲ್ಲ.

'ಆಗಲ್ಲ ಅಲ್ವಾ?' ಎಂದಳು.

'ಆಗಲ್ಲ.'

'ನಂಗೆ ಗೊತ್ತು. ನಿಮ್ಮ ಹೆಸರಾದ್ರೂ ಕೊಡಿ. ಅವಳು ಹೇಳಿ ನಿಲ್ಲಿಸ್ಕೋತಾಳೆ.'

'ಕೊಡೋ ಹಾಗಿಲ್ಲ. ಬರ್ಕೊಟ್ಟಿದ್ದೀನಿ.'

'ನಾನೂ ಬರ್ಕೊಟ್ಟಿದ್ದೆ. ಈಗ್ತಾನೇ ಮುರ್ದೆ.'

ಅವಳಷ್ಟು ಸುಲಭವಾಗಿ ನನ್ನಿಂದ ಆಗಲಿಲ್ಲ. ಪಟ್ಟಿ ತಂದು ಒಂದು ಮಾತನ್ನು ಆಗಲೇ ಅರ್ಧ ಮುರಿದವಳು ನಾನು. ಎರಡನೆಯದನ್ನು ಮುರಿಯಲು ಮಾತ್ರ ಹಿಂಜರಿದೆ. ಅದಕ್ಕಿಂತ ನನ್ನನ್ನು ಕಾಡಿದ್ದು ಬೇರೆ. ಆ ಹುಡುಗಿಯ ಬಾಯಲ್ಲಿ ನನ್ನ ಹೆಸರು ಬರುತ್ತದೆ ಎಂದ ಕೂಡಲೇ ನನಗೆ ಆಸೆಯಾಗಿತ್ತು. ಅವಳ ಬಿಕ್ಕಳಿಕೆ ನಿಲ್ಲಲಿ ಎಂದು ಕೊಡುತ್ತೇನೋ, ಆ ಆಸೆಗಾಗಿ ಕೊಡುತ್ತೇನೋ? ಎರಡನ್ನೂ ಬಿಡಿಸಿ ನೋಡೋಣವೆಂದರೆ ಹೊತ್ತಿರಲಿಲ್ಲ, ಭುಜ ಮತ್ತೆ ಹಾರಿತು. ನಾಲ್ಕನೇ ಪ್ಲಾಟ್‌ಫಾರಂಗೆ ಬಸ್ ಬಂದು ನಿಂತಿತ್ತು. ನಾನು ಮೈಕ್ ಹಾಕಿದೆ.

'ಪ್ರಯಾಣಿಕರು ದಯವಿಟ್ಟು ಗಮನಿಸಿ. ಪ್ಲಾಟ್‌ಫಾರಂ ನಾಲ್ಕರಲ್ಲಿ ನಿಂತಿರುವ ವಾಹನ ಸಂತೆಮಾಳ ಮಾರ್ಗವಾಗಿ ಹಳೇಕೋಟೆಗೆ ಹೋಗುತ್ತದೆ. ಈ ಪ್ರಕಟಣೆ ಮಾಡಿದವರು ದಾಕ್ಷಾಯಣಿ.'

ಯಾರಿಗೂ ಕೊಟ್ಟ ಹಾಗಾಗಲಿಲ್ಲ. ಎಲ್ಲರಿಗೂ ಕೊಟ್ಟಿದ್ದೆ. ಇದು ಮೋಸವಲ್ಲವೇ ಎಂದರೆ ಇರಬಹುದು. ವನಮಾಲ ಒಂದು ಕ್ಷಣ ನನ್ನ ಮುಖ ನೋಡಿ, ಬೆಂಚಿನ ಕಡೆ ಓಡಿದಳು. ಮಗಳ ಕಿವಿಯ ಹತ್ತಿರ ಬಗ್ಗಿದಳು. ಗಾಜಿನ ಒಳಗಿನಿಂದ ನನಗೆ ಕೇಳಿಸಲಿಲ್ಲ. ಹುಡುಗಿ ಮುಖ ತಿರುಗಿಸಿದಾಗ ಬಾಯಿ ಮಾತ್ರ ಕಾಣಿಸಿತು. ದಾ, ಕ್ಷಾ, ಯ, ಣಿ. ಭುಜ ನಿಂತಿತು. ಅವಳು ತಲೆಯೆತ್ತಿ, ಕಂಬಕ್ಕೆ ಕಟ್ಟಿದ ಲೌಡ್‌ಸ್ಪೀಕರನ್ನು ನೋಡಿದಳು, ನಾನು ಅದರೊಳಗೆ ಕೂತಿರುವ ಹಾಗೆ. ಆಮೇಲೆ ತಾಯಿಯ ಹೆಗಲಿನ ಬಾಟಲಿ ಎಳೆದುಕೊಂಡು ನೀರು ಕುಡಿದು, ಚಪ್ಪಲಿಯ ಪಟ್ಟಿ ಕಿತ್ತುಹೋಗಿರುವುದನ್ನು ತೋರಿಸತೊಡಗಿದಳು.

ರಾಚಪ್ಪನವರು ಒಳಗೆ ಬಂದರು. 'ಇದೇನಮ್ಮ ಹೊಸ ಪದ್ಧತಿ? ನಾಳೆ ಡ್ರೈವರ್‌ಗಳೂ ಹಾರ್ನ್ ಹೊಡ್ದು ಹೆಸರು ಹೇಳ್ಲಾ?'

'ಪ್ರಯಾಣಿಕರಿಗೆ ದೂರು ಕೊಡೋಕೆ ಅನುಕೂಲ ಆಗುತ್ತೆ ಸಾರ್.'

ಅವರು ಯೋಚಿಸಿ, 'ಅದೂ ಸರಿನೇ' ಎಂದರು. ಈಗ ರಾತ್ರಿ ಪಾಳಿಯವರೂ ಹಾಗೇ ಹೇಳುತ್ತಾರೆ.

ಬಸ್ ಹತ್ತುವ ಮುಂಚೆ ವನಮಾಲ ಮತ್ತೆ ಕಿಂಡಿಗೆ ಬಂದಳು. 'ಊಟದ ಹೊತ್ತಲ್ಲಿ ಮಾತ್ರ ಬೇಡ. ಎಂಟೂ ಕಾಲಿಗೆ ಕೂರ್ತೀವಿ' ಎಂದಳು. ಸರಿ ಎಂದೆ. ಮಗುವಿನ ಹೆಸರು ಕೇಳಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬಾಯಿ ತೆರೆದೆ. ಅವಳು ಅಷ್ಟರಲ್ಲೇ ತಲೆಯಾಡಿಸಿದಳು. 'ಅದು ಬೇಡ. ದೊಡ್ಡೋಳಾಗಿ ಅವಳಿಗೆ ಕೊಡ್ಬೇಕು ಅನ್ಸಿದ್ರೆ ಅವಳೇ ಕೊಡ್ಲಿ.'

ಮಾರನೆಯ ದಿನ ಪಟ್ಟಿಯನ್ನು ಜಬೀನಾಗೆ ಹಿಂದಿರುಗಿಸಿದೆ. 'ಸಿಕ್ತಾ?' ಎಂದಳು. ಇಲ್ಲ ಎಂದೆ. 'ಮತ್ತೆ?' ಎಂದಳು. ಬೇಡ ಎಂದೆ. ಅವಳು ಅದನ್ನು ಹರಿದು ಬುಟ್ಟಿಗೆ ಹಾಕಿದಳು. ಬಾಯಿಪಾಠವಾದದ್ದನ್ನು ಹರಿಯುವುದು ಹೇಗೆ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಚಳಿಗಾಲ ಹೀಗೇ ಕಳೆಯಿತು. ಎಂಟೂ ಕಾಲಿಗೆ ನಾನು ಪಾತ್ರೆ ತೊಳೆಯುತ್ತಾ ಬಸ್ಸುಗಳ ವೇಳಾಪಟ್ಟಿ ಹೇಳಿಕೊಳ್ಳುತ್ತಿದ್ದೆ. ಉಳಿದ ಹೊತ್ತಿನಲ್ಲಿ ನೆನಪಾದರೆ, ಎಲ್ಲೋ ಒಂದು ಮನೆಯಲ್ಲಿ ನನ್ನ ಹೆಸರು ಹೇಳಿ ಆಟಕ್ಕೆ ಓಡಿರುತ್ತಾಳೆ ಎಂದುಕೊಳ್ಳುತ್ತಿದ್ದೆ. ನನಗೆ ವನಮಾಲಳ ಬಿಕ್ಕಳಿಕೆ ಈಗ ವಾರಕ್ಕೊಮ್ಮೆ ಮಾತ್ರ ಬರುತ್ತಿತ್ತು, ಹೆಸರು ಹೇಳಿದರೆ ನಿಲ್ಲುತ್ತಿತ್ತು. ಅಮ್ಮ ಒಮ್ಮೆ ಕೇಳಿಸಿಕೊಂಡು, 'ವನಮಾಲ ಯಾರೇ?' ಎಂದಳು. ಆವತ್ತು ಅವಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಅವಳು, 'ನೀನು ಸೂಜಿ ಚುಚ್ಚಿಸ್ಕೋತಿದ್ರೆ ನಾನಿಲ್ಲಿ ಹುರುಳಿ ಆರಿಸ್ತಿದ್ನಲ್ಲೇ' ಎಂದಳು. ಅಷ್ಟೇ ಅಂದದ್ದು.

ಮಾರ್ಚಿನಲ್ಲಿ ವನಮಾಲ ಒಬ್ಬಳೇ ಬಂದಳು. ಕಿಂಡಿಯಲ್ಲಿ ಬಗ್ಗಿ, ಹಿಂದೆ ನಿಂತವರಿಗೆ ಕೇಳಿಸದ ಹಾಗೆ ಹೇಳಿದಳು. 'ನಾಳೆ ಲೆಕ್ಕ. ಹತ್ತರಿಂದ ಹನ್ನೆರಡು. ಪರೀಕ್ಷೆ ಇದೆ, ನೆನೆಸ್ಕೋಬೇಡಿ.'

ಅದು ಮನೆಯವರಿಗೆ ಹೇಳುವ ಮಾತು. ನಾನು ಹೂಂ ಎನ್ನುವುದನ್ನೂ ಮರೆತು, ಮುಂದಿನವರಿಗೆ ತಪ್ಪು ಪ್ಲಾಟ್‌ಫಾರಂ ಹೇಳಿ, ಅವರ ಹಿಂದೆ ಓಡಿಹೋಗಿ ಸರಿಪಡಿಸಿ ಬಂದೆ.

ಮಾರನೆಯ ದಿನ ಅಮ್ಮನಿಂದ ಒಂದು ಸೇರು ಹುರುಳಿ ಇಸಿದುಕೊಂಡು ಕೆಲಸಕ್ಕೆ ಹೋದೆ. ಹತ್ತು ಗಂಟೆಗೆ ಮೇಜಿನ ಮೇಲೆ ಪೇಪರ್ ಹಾಸಿ ಸುರುವಿಕೊಂಡೆ. ಬಸ್ ಬಂದರೆ ಪ್ರಕಟಣೆ, ಇಲ್ಲದಿದ್ದರೆ ಹುರುಳಿ. ಕಲ್ಲು ಈ ಕಡೆ, ಕಾಳು ಆ ಕಡೆ. ಮನಸ್ಸು ಆ ಕಡೆ ಜಾರಿದಾಗಲೆಲ್ಲ ಒಂದು ಕಾಳನ್ನು ಹಿಡಿದು ಅದರ ಬಣ್ಣವನ್ನೇ ನೋಡುತ್ತಿದ್ದೆ. ರಾಚಪ್ಪನವರು ಬಂದು ನೋಡಿ, ಏನೂ ಕೇಳದೆ, ಒಂದು ಮುಷ್ಟಿ ತಮ್ಮ ಕಡೆ ಎಳೆದುಕೊಂಡು ಆರಿಸಲು ಕೂತರು. ಯಾರಿಗೋ ಪರೀಕ್ಷೆ ಇದೆ ಎಂದು ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎರಡು ಗಂಟೆಯಲ್ಲಿ ನಾನು ಒಮ್ಮೆಯೂ ತಪ್ಪಲಿಲ್ಲ ಎಂದು ಪ್ರಮಾಣ ಮಾಡಲಾರೆ. ತಪ್ಪಲಿಲ್ಲವೆಂದುಕೊಂಡಿದ್ದೇನೆ.

ಹನ್ನೆರಡು ಹೊಡೆಯಿತು. ಹುರುಳಿಯನ್ನು ಚೀಲಕ್ಕೆ ತುಂಬಿದೆ. ಹನ್ನೆರಡೂ ಹತ್ತಕ್ಕೆ ಬಿಕ್ಕಳಿಕೆ ಬಂತು. ವನಮಾಲ ಎಂದೆ, ಪರೀಕ್ಷೆ ಹೇಗಾಯಿತೆಂದು ನೆನೆದಿರಬೇಕು ಎಂದುಕೊಂಡು. ನಿಲ್ಲಲಿಲ್ಲ. ಪುಟ್ಟಗೌರಿ ಎಂದೆ. ಜಬೀನಾ ಎಂದೆ. ರಾಚಪ್ಪನವರು ಎದುರಿಗೇ ಕೂತಿದ್ದರು, ಆದರೂ ರಾಚಪ್ಪ ಎಂದೆ. ನಿಲ್ಲಲಿಲ್ಲ. ಇನ್ನು ನನ್ನನ್ನು ನೆನೆಯುವವರು ಯಾರಿದ್ದಾರೆ?

ಆ ಹುಡುಗಿ. ನಾಲಿಗೆಯ ತುದಿಯಲ್ಲಿ ಅರವತ್ತೊಂದು ಹೆಸರೂ ಸಾಲಾಗಿ ಬಂದು ನಿಂತವು. ಅಂಕಿತಳಿಂದ ಹೇಮಲತಳವರೆಗೆ, ಹಾಜರಿಯ ಕ್ರಮದಲ್ಲೇ. ಒಂದೊಂದನ್ನೂ ಪಿಸುಗುಟ್ಟಿದರೆ ಎರಡು ನಿಮಿಷದ ಕೆಲಸ. ಈ ಸಲ ಒಂದರಲ್ಲಿ ನಿಂತೇ ನಿಲ್ಲಬಹುದು. ಅವಳು ಯಾಕೆ ನೆನೆಯುತ್ತಿದ್ದಾಳೋ. ಇವತ್ತು ಬಿಕ್ಕಳಿಕೆ ಬರಲಿಲ್ಲವಲ್ಲ ಎಂದಿರಬಹುದು. ಲೆಕ್ಕ ಕಷ್ಟವಿತ್ತೋ ಏನೋ.

'ಬೇಗ ಹೆಸರು ಹೇಳಿ ನಿಲ್ಲಿಸ್ಕೊಳಮ್ಮ' ಎಂದರು ರಾಚಪ್ಪನವರು. 'ಹಳೇಕೋಟೆ ಗಾಡಿ ಬಂತು.'

'ಹೆಸರು ಗೊತ್ತಿಲ್ಲ ಸಾರ್.'

'ಹಂಗಾದ್ರೆ ನಿಲ್ಲೋವರ್ಗೂ ಕಾಯೋಣ.'

'ಬೇಡ ಸಾರ್, ಜನ ಕಾಯ್ತಿದ್ದಾರೆ' ಎಂದು ಮೈಕ್ ಹಾಕಿದೆ. ಪ್ಲಾಟ್‌ಫಾರಂ ನಾಲ್ಕು ಎಂದು ಸರಿಯಾಗಿ ಹೇಳಿದೆ, ಸಂತೆಮಾಳ ಎಂದೆ, ಹಳೇಕೋಟೆ ಎಂದೆ. ಮೂರು ಸಲ ಬಿಕ್ಕಳಿಕೆ ಬಂತು, ಟೀ ಅಂಗಡಿಯ ಕಡೆ ಯಾರೋ ನಕ್ಕರು. ಈ ಪ್ರಕಟಣೆ ಮಾಡಿದವರು ದಾಕ್ಷಾ, ಎನ್ನುವಷ್ಟರಲ್ಲಿ ಮತ್ತೆ ಬಂತು. ಅದು ಹೋಗುವವರೆಗೆ ಮೈಕ್ ತೆರೆದೇ ಇಟ್ಟು, ಉಳಿದ ಎರಡು ಅಕ್ಷರವನ್ನು ಹೇಳಿದೆ.